ಐದು ಮಕ್ಕಳನ್ನು ಬಿಟ್ಟು ಎರಡು ರಾತ್ರಿ: ಮಂಗಳೂರಿನ ಮ್ಯಾರೇಜ್ ಎನ್‌ಕೌಂಟರ್ ಶಿಬಿರ ಹೇಗಿದೆ?

ಮ್ಯಾರೇಜ್ ಎನ್‌ಕೌಂಟರ್ ಅನ್ನುವ, ದಂಪತಿಗಳು ಮನಸ್ಸು ಬಿಚ್ಚಿ ಮಾತಾಡಲೆಂದು ಚರ್ಚಿನವರು ನಡೆಸುವ ವಾರಾಂತ್ಯದ ಶಿಬಿರಕ್ಕೆ ನಾವು ಗಂಡ ಹೆಂಡತಿ ಹೋಗಿ ಬಂದ ಮೇಲೆ ಸಿಕ್ಕಿದವರೆಲ್ಲ ಮೊದಲು ಕೇಳುವುದು ಮಕ್ಕಳನ್ನು ಎಲ್ಲಿ ಬಿಟ್ಟು ಹೋದ್ರಿ ಅಂತ. ಶಿಬಿರ ಹೇಗಿತ್ತು ಅಂತ ಕೇಳುವುದು ಆಮೇಲೆ. ಐದು ಮಕ್ಕಳ ಮನೆಗೆ ಈ ಪ್ರಶ್ನೆ ಬರುವುದು ಸಹಜ. ದೊಡ್ಡವಳು ಪಿಯುಸಿ, ಸಣ್ಣವನು ಎಲ್‌ಕೆಜಿ, ನಡುವೆ ಮೂವರು. ಕಂಕನಾಡಿ ಮಾರ್ಕೆಟಿನಲ್ಲಿ, ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ, ಮದುವೆ ಹಾಲಿನಲ್ಲಿ ಒಬ್ಬೊಬ್ಬರಿಗೇ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ.

ಅವಸರದಲ್ಲಿ ಇರುವವರಿಗೆ ಒಂದೇ ಮಾತು: ಹೋಗಿ. ಮಕ್ಕಳು ಜಾಸ್ತಿ ಇದ್ದಷ್ಟೂ ಹೋಗಲೇಬೇಕು. ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ. ಉಳಿದ ಅರ್ಧ ಅಂಕದ ವಿಷಯ ಆಮೇಲೆ ಬರುತ್ತದೆ.

ಇದು ಏನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. 1950ರ ದಶಕದಲ್ಲಿ ಸ್ಪೇನಿನಲ್ಲಿ ಗ್ಯಾಬ್ರಿಯಲ್ ಕಾಲ್ವೊ ಅನ್ನುವ ಒಬ್ಬ ಕಥೋಲಿಕ ಪಾದ್ರಿ ಇದ್ದರು. ಗಂಡ ಹೆಂಡತಿ ಮನಸ್ಸು ಬಿಚ್ಚಿ ಮಾತಾಡಿದರೆ ಮಕ್ಕಳು ತಾನಾಗಿ ಚೆನ್ನಾಗಿ ಬೆಳೆಯುತ್ತಾರೆ ಅನ್ನುವುದು ಅವರ ನಂಬಿಕೆ. ಅದಕ್ಕಾಗಿ ಅವರು ವರ್ಷಗಟ್ಟಲೆ ದಂಪತಿಗಳ ಜೊತೆ ಕೂತು ಪ್ರಶ್ನೆಗಳನ್ನು ತಯಾರು ಮಾಡಿದರು. 1962ರಲ್ಲಿ ಬಾರ್ಸಿಲೋನಾದಲ್ಲಿ 28 ಜೋಡಿಗಳಿಗೆ ಮೊದಲ ವಾರಾಂತ್ಯದ ಶಿಬಿರ ನಡೆಸಿದರು. ಬಂದವರು ದುಡಿದು ತಿನ್ನುವ ಕುಟುಂಬಗಳವರು. ಅಲ್ಲಿಂದ ಅದು ಅಮೆರಿಕಕ್ಕೆ ಹೋಯಿತು, ಅಲ್ಲಿಂದ ಜಗತ್ತಿನ ಬೇರೆ ದೇಶಗಳಿಗೆ, ನಮ್ಮ ಕರಾವಳಿಗೂ ಬಂತು. ಶುಕ್ರವಾರ ಸಂಜೆ ಶುರು, ಭಾನುವಾರ ಸಂಜೆ ಮುಗಿಯುತ್ತದೆ. ಶುಲ್ಕದ ಮೊತ್ತ ಬದಲಾಗುತ್ತಾ ಇರುವುದರಿಂದ ಬರೆಯುವುದಿಲ್ಲ. ನಾವು ಏಳು ಜನ ಒಂದು ಸಲ ಹೊರಗೆ ಊಟಕ್ಕೆ ಹೋದರೆ ಆಗುವ ಖರ್ಚಿಗಿಂತ ಸ್ವಲ್ಪ ಜಾಸ್ತಿ ಅಂತ ಇಟ್ಟುಕೊಳ್ಳಿ.

ಮದುವೆಗೆ ಮುಂಚೆ ಮಾಡುವ ಕೋರ್ಸ್ ನಮಗೆಲ್ಲ ಗೊತ್ತು ಅಲ್ವಾ? ಡಾಕ್ಟರ್ ಬಂದು ಪಾಠ ಮಾಡುತ್ತಾರೆ, ಫಾದರ್ ಪಾಠ ಮಾಡುತ್ತಾರೆ, ಕೊನೆಗೆ ಸರ್ಟಿಫಿಕೇಟ್ ಸಿಗುತ್ತದೆ. ಅದು ಬೇಕು, ಬೇಡ ಅನ್ನುವುದಿಲ್ಲ. ಆದರೆ ಆ ಪಾಠ ಕೇಳುವ ಹೊತ್ತಿಗೆ ನಮ್ಮ ಹತ್ತಿರ ಪ್ರಶ್ನೆಗಳೇ ಇರುವುದಿಲ್ಲ. ಪ್ರಶ್ನೆಗಳು ಹುಟ್ಟುವುದು ಮೂರನೇ ಮಗು ಹುಟ್ಟಿದ ಮೇಲೆ. ರಾತ್ರಿ ಹನ್ನೊಂದಕ್ಕೆ ಮಾವಿನ ಎಲೆ, ಚಾರ್ಟ್ ಪೇಪರ್ ಬೇಕು ಅಂತ ಒಬ್ಬ ಅಳುತ್ತಿರುವಾಗ, ಇನ್ನೊಬ್ಬಳಿಗೆ ಜ್ವರ ಬಂದಿರುವಾಗ, ಅತ್ತೆಯ ಬಿಪಿ ಮಾತ್ರೆ ಮುಗಿದಿರುವಾಗ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಎಷ್ಟು ದಿನ ಆಯ್ತು ಅಂತ ಕೇಳಿದರೆ ಯಾರಿಗೂ ಉತ್ತರ ಗೊತ್ತಿರುವುದಿಲ್ಲ. ನಮ್ಮ ಮನೆಯಲ್ಲಿ ನಾವಿಬ್ಬರೂ ಹಾಸ್ಟೆಲ್ ವಾರ್ಡನ್‌ಗಳ ಹಾಗೆ ಆಗಿದ್ದೆವು. ಹಾಲು ತಂದ್ರಾ, ಬಸ್ ಪಾಸ್ ಮಾಡ್ಸಿದ್ರಾ, ಟ್ಯೂಷನ್ ಫೀಸ್ ಕಟ್ಟಿದ್ರಾ. ದಿನವಿಡೀ ಮಾತೇನೋ ಇತ್ತು, ಎಲ್ಲವೂ ಮಕ್ಕಳ ಬಗ್ಗೆಯೇ. ಜಗಳ ಇರಲಿಲ್ಲ. ಜಗಳಕ್ಕೂ ಪುರುಸೊತ್ತು ಬೇಕಲ್ಲ.

ಶಿಬಿರ ನಡೆಯುವ ಕ್ರಮ ಬಹಳ ಸರಳ. ಒಬ್ಬರು ಫಾದರ್, ಜೊತೆಗೆ ಹಿಂದೆ ಇದೇ ಶಿಬಿರ ಮುಗಿಸಿದ ಕೆಲವು ಜೋಡಿಗಳು ಇರುತ್ತಾರೆ. ಅವರು ತಮ್ಮ ಸ್ವಂತ ಜೀವನದ ಬಗ್ಗೆ ಸ್ವಲ್ಪ ಹೊತ್ತು ಮಾತಾಡುತ್ತಾರೆ. ಆಮೇಲೆ ಒಂದು ಪ್ರಶ್ನೆ ಕೊಡುತ್ತಾರೆ. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ಕೂತು ನೋಟ್‌ಬುಕ್ಕಿನಲ್ಲಿ ಪತ್ರ ಬರೆಯಬೇಕು. ಬರೆದು ಮುಗಿದ ಮೇಲೆ ಇಬ್ಬರೂ ಕೋಣೆಗೆ ಹೋಗಿ ಪುಸ್ತಕ ಬದಲಾಯಿಸಿಕೊಂಡು ಓದಬೇಕು. ಎರಡು ಸಲ ಓದಿ ಅನ್ನುತ್ತಾರೆ, ಒಂದು ಸಲ ಏನು ಬರೆದಿದ್ದಾರೆ ಅಂತ ತಿಳಿಯಲು, ಇನ್ನೊಂದು ಸಲ ಬರೆದವರ ಮನಸ್ಸಿನಲ್ಲಿ ಏನಿದೆ ಅಂತ ತಿಳಿಯಲು. ಆಮೇಲೆ ಮಾತು. ಅಷ್ಟೇ. ಎಲ್ಲರ ಮುಂದೆ ಎದ್ದು ನಿಂತು ಸಂಸಾರದ ವಿಷಯ ಹೇಳುವುದು ಎಲ್ಲೂ ಇಲ್ಲ. ನನ್ನ ಗಂಡ ಇದಕ್ಕೇ ಹೆದರಿ ವರ್ಷಗಟ್ಟಲೆ ಬರಲು ಒಪ್ಪಿರಲಿಲ್ಲ. ನಿಮ್ಮ ಮನೆಯವರೂ ಹಾಗೇ ಇದ್ದರೆ ಈ ಸಾಲನ್ನು ಅವರಿಗೆ ತೋರಿಸಿ: ನೀವು ಬರೆದದ್ದನ್ನು ನಿಮ್ಮ ಹೆಂಡತಿ ಬಿಟ್ಟು ಬೇರೆ ಯಾರೂ ಓದುವುದಿಲ್ಲ, ಫಾದರ್ ಕೂಡ.

ಇನ್ನೊಂದು ವಿಷಯ ಒತ್ತಿ ಒತ್ತಿ ಹೇಳುತ್ತಾರೆ. ಮನಸ್ಸಿಗೆ ಆಗುವ ಬೇಸರ, ಭಯ, ಖುಷಿ ಇವುಗಳಲ್ಲಿ ಸರಿ ತಪ್ಪು ಇಲ್ಲ, ಅದರ ಮೇಲೆ ನಾವು ಏನು ಮಾಡುತ್ತೇವೆ ಅನ್ನುವುದರಲ್ಲಿ ಮಾತ್ರ ಸರಿ ತಪ್ಪು ಇರುತ್ತದೆ ಅಂತ. ಕೇಳುವಾಗ ಇದೇನು ದೊಡ್ಡ ವಿಷಯ ಅನ್ನಿಸಬಹುದು. ಪತ್ರ ಬರೆಯಲು ಕೂತಾಗ ಇದರ ಬೆಲೆ ಗೊತ್ತಾಗುತ್ತದೆ.

ನಮ್ಮ ನಾಲ್ಕನೆಯವಳು ಹೊಟ್ಟೆಯಲ್ಲಿದ್ದಾಗ ನನ್ನ ಗಂಡ ತಿಂಗಳುಗಟ್ಟಲೆ ಸುಮ್ನೆ ಇದ್ದರು. ಕೆಲಸಕ್ಕೆ ಹೋಗುವುದು, ಬರುವುದು, ತೇರ್ಸ್ (ಮನೆಯಲ್ಲಿ ಹೇಳುವ ಜಪಮಾಲೆ ಪ್ರಾರ್ಥನೆ) ಆದ ಮೇಲೆ ಊಟ ಮಾಡಿ ಮಲಗುವುದು. ಈ ಮಗು ಅವರಿಗೆ ಬೇಡವಾಗಿತ್ತು ಅನ್ನುವ ಮುಳ್ಳು ನನ್ನೊಳಗೆ ಆಗಲೇ ಹೊಕ್ಕಿತ್ತು. ಕೇಳುವ ಧೈರ್ಯ ಬರಲಿಲ್ಲ. ಮಗಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೂ ಆ ಮುಳ್ಳು ಅಲ್ಲೇ ಇತ್ತು. ಶಿಬಿರದಲ್ಲಿ ಮಕ್ಕಳ ಬಗ್ಗೆ ಪ್ರಶ್ನೆ ಕೊಟ್ಟಾಗ ಅವರು ಬರೆದದ್ದು ಇಷ್ಟು: ಸ್ಕ್ಯಾನಿಂಗ್ ಮಾಡಿಸಿ ಬಸ್ಸಿನಲ್ಲಿ ಬರುವಾಗ ಸಂಬಳದ ಲೆಕ್ಕ ಹಾಕಿದರಂತೆ, ಯಾವ ರೀತಿ ಹಾಕಿದರೂ ಸಾಲಲಿಲ್ಲವಂತೆ. ನನಗೆ ಹೇಳಿದರೆ ನಾನು ಹೆದರುತ್ತೇನೆ, ಹೊಟ್ಟೆಯಲ್ಲಿರುವ ಮಗುವಿಗೂ ಅದು ತಟ್ಟುತ್ತದೆ ಅಂತ ಬಾಯಿ ಮುಚ್ಚಿಕೊಂಡರಂತೆ. ರಾತ್ರಿ ನಾನು ಮಲಗಿದ ಮೇಲೆ ಎದ್ದು ಕೂತು ಪ್ರಾರ್ಥನೆ ಮಾಡುತ್ತಿದ್ದರಂತೆ. ಇದು ಯಾವುದೂ ನನಗೆ ಗೊತ್ತೇ ಇರಲಿಲ್ಲ.

ನಾನು ಬರೆದದ್ದು ಮದುವೆ ಹಾಲುಗಳ ಬಗ್ಗೆ. ಯಾವುದೇ ಮದುವೆಗೆ ಹೋಗಲಿ, ಐವರನ್ನೂ ಸಾಲಾಗಿ ಕೂರಿಸಿದ ತಕ್ಷಣ ಯಾರಾದರೊಬ್ಬರು ಬಂದು "ಐನ್ ಜೋಕುಲಾ ಮಾರಾಯ್ರೆ?" (ಐದು ಮಕ್ಕಳಾ ಮಾರಾಯ್ರೆ?) ಅಂತ ತುಳುವಿನಲ್ಲಿ ಕೇಳಿ ನಗುತ್ತಾರೆ. ಕೆಲವರು ಪ್ರೀತಿಯಿಂದಲೇ ಕೇಳುವುದು. ಕೆಲವರ ನಗು ಬೇರೆ ಥರ. ನಮ್ಮ ಅಜ್ಜಿಯರ ಕಾಲದಲ್ಲಿ ಇದೇ ಮಂಗಳೂರಿನಲ್ಲಿ ಎಂಟು, ಒಂಬತ್ತು, ಹತ್ತು ಮಕ್ಕಳ ಮನೆಗಳು ಬೀದಿಗೆ ನಾಲ್ಕು ಇದ್ದವು, ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಈಗ ಕೇಳುತ್ತಾರೆ, ನನ್ನ ಮಕ್ಕಳ ಎದುರಿಗೇ ಕೇಳುತ್ತಾರೆ. ಆ ಹೊತ್ತಿಗೆ ನನ್ನ ಗಂಡ ಪಕ್ಕದಲ್ಲಿ ನಿಂತು ಒಂದು ಮಾತು ಆಡಲಿ ಅಂತ ನನ್ನ ಆಸೆ. ಆ ಆಸೆಯನ್ನು ಮೊದಲ ಸಲ ಹೇಳಿದ್ದು ಆ ನೋಟ್‌ಬುಕ್ಕಿನಲ್ಲಿ. ಈಗ ಅವರು ಹೇಳುತ್ತಾರೆ, "ಹೌದು, ಐವರು, ದೇವರು ಕೊಟ್ಟದ್ದು, ನಮಗೆ ಬಹಳ ಸಂತೋಷ." ಮಕ್ಕಳ ಮುಖ ಆಗ ನೋಡಬೇಕು.

ಹಾಗಂತ ಶಿಬಿರದಲ್ಲಿ ಮಕ್ಕಳು ಜಾಸ್ತಿ ಬೇಕು ಅಂತ ಯಾರೂ ಯಾರನ್ನೂ ಒತ್ತಾಯ ಮಾಡಲಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು, ಯಾಕೆಂದರೆ ಚರ್ಚಿನ ಶಿಬಿರ ಅಂದರೆ ಆ ಅನುಮಾನ ಕೆಲವರಿಗೆ ಇದ್ದೇ ಇದೆ. ನಮ್ಮ ಬ್ಯಾಚಿನಲ್ಲಿ ಒಂದೇ ಮಗು ಇದ್ದವರಿದ್ದರು, ಮಕ್ಕಳಾಗದ ಜೋಡಿ ಇತ್ತು, ಸಿಎಸ್‌ಐ ಅನ್ನುವ ಪ್ರೊಟೆಸ್ಟೆಂಟ್ ಸಭೆಯ ದಂಪತಿ ಇದ್ದರು. 1968ರಲ್ಲಿ ಪೋಪ್ ಆರನೇ ಪೌಲ್ ಬರೆದದ್ದನ್ನು ಫಾದರ್ ನೆನಪಿಸಿದರು. ಯೋಚನೆ ಮಾಡಿ, ಉದಾರ ಮನಸ್ಸಿನಿಂದ ಹೆಚ್ಚು ಮಕ್ಕಳನ್ನು ಪಡೆಯುವವರೂ ಜವಾಬ್ದಾರಿಯುತ ತಂದೆ ತಾಯಿ, ಗಂಭೀರ ಕಾರಣ ಇದ್ದು ಸದ್ಯಕ್ಕೆ ಬೇಡ ಅನ್ನುವವರೂ ಜವಾಬ್ದಾರಿಯುತರೇ ಅಂತ ಅದರಲ್ಲಿದೆ. ಮದುವೆಯ ದಿನ ಪೀಠದ ಮುಂದೆ ಫಾದರ್ ಕೇಳುತ್ತಾರಲ್ಲ, ದೇವರು ಕೊಡುವ ಮಕ್ಕಳನ್ನು ಪ್ರೀತಿಯಿಂದ ಸ್ವೀಕರಿಸಿ ಕ್ರಿಸ್ತನ ದಾರಿಯಲ್ಲಿ ಬೆಳೆಸುತ್ತೀರಾ ಅಂತ, ಆ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಇಷ್ಟು ವರ್ಷ ಆದ ಮೇಲೆ ಮತ್ತೆ ಯೋಚನೆ ಮಾಡಲು ಇಲ್ಲಿ ಜಾಗ ಸಿಗುತ್ತದೆ.

ಪತ್ರ ಬರೆಯುವುದೆಲ್ಲ ಪುರುಸೊತ್ತು ಇರುವವರ ಕೆಲಸ ಅನ್ನುವವರಿಗೆ ನಾನು ಸಂತ ಝೇಲಿ ಮಾರ್ಟಿನ್ ಅವರನ್ನು ತೋರಿಸುತ್ತೇನೆ. ಬಾಲ ಯೇಸುವಿನ ಸಂತ ತೆರೇಸಾ ಅವರ ತಾಯಿ. ಗಂಡ ಲೂಯಿ ಗಡಿಯಾರ ರಿಪೇರಿ ಮಾಡುವವರು. ಒಂಬತ್ತು ಮಕ್ಕಳು ಹುಟ್ಟಿ ನಾಲ್ವರು ಸಣ್ಣ ವಯಸ್ಸಿನಲ್ಲೇ ತೀರಿಹೋದರು, ಉಳಿದ ಐದು ಹೆಣ್ಣುಮಕ್ಕಳು ಸಿಸ್ಟರ್‌ಗಳಾದರು. ಝೇಲಿ ಮನೆಯಲ್ಲಿ ಸುಮ್ನೆ ಕೂತವರಲ್ಲ, ಫ್ರಾನ್ಸಿನ ಅಲೆನ್ಸೋನ್ ಊರಿನಲ್ಲಿ ಲೇಸ್ ಹೆಣೆಯುವ ಉದ್ಯೋಗ ನಡೆಸುತ್ತಿದ್ದರು, ಕೈಕೆಳಗೆ ಕೆಲಸದ ಹೆಂಗಸರಿದ್ದರು. ಅಷ್ಟರ ನಡುವೆ ಅವರು ಬರೆದ ಪತ್ರಗಳಲ್ಲಿ ಇನ್ನೂರಕ್ಕೂ ಹೆಚ್ಚು ಇಂದಿಗೂ ಉಳಿದಿವೆ, ಊರಿಗೆ ಹೋದ ಗಂಡನಿಗೆ ಬರೆದದ್ದೂ ಇದೆ. 1877ರಲ್ಲಿ ಸ್ತನದ ಕ್ಯಾನ್ಸರಿನಿಂದ ಸತ್ತಾಗ ಅವರಿಗೆ 45 ವರ್ಷ. ಗಂಡ ಹೆಂಡತಿ ಇಬ್ಬರನ್ನೂ 2015ರ ಅಕ್ಟೋಬರ್ 18ರಂದು ಒಟ್ಟಿಗೆ ಸಂತರೆಂದು ಘೋಷಿಸಿದರು, ದಂಪತಿಯಾಗಿ ಒಟ್ಟಿಗೆ ಸಂತರಾದವರಲ್ಲಿ ಇವರೇ ಮೊದಲಿಗರು. ನಮ್ಮ ಮನೆಯ ಪೀಠದಲ್ಲಿ ಈಗ ಇವರ ಚಿತ್ರವೂ ಇದೆ.

ಈಗ ಆ ಅರ್ಧ ಅಂಕ. ಶಿಬಿರ ನಡೆದ ಕಟ್ಟಡದ ಹೆಸರು ಬೇಡ. ಮಹಡಿ ಹತ್ತಬೇಕು, ಮಂಡಿ ನೋವು ಇರುವವರಿಗೆ ಕಷ್ಟ. ಬೆಳಿಗ್ಗೆ ಬಿಸಿನೀರು ಬೇಗ ಮುಗಿಯುತ್ತದೆ. ಸೊಳ್ಳೆ ಜಾಸ್ತಿ, ಸೊಳ್ಳೆ ಬತ್ತಿ ತೆಗೆದುಕೊಂಡು ಹೋಗಿ. ಊಟಕ್ಕೆ ಮಾತ್ರ ಪೂರ್ತಿ ಅಂಕ. ಭಾನುವಾರ ಸನ್ನಾ (ಇಡ್ಲಿಯಂಥ ಅಕ್ಕಿ ತಿಂಡಿ), ಪೋರ್ಕ್ ಬಫಾತ್ (ಹಂದಿಮಾಂಸದ ಖಾರದ ಸಾರು). ಬೇಡದವರಿಗೆ ಕೋಳಿ ಇತ್ತು, ಕುಚ್ಚಲಕ್ಕಿ ಗಂಜಿ ಚಟ್ನಿಯೂ ಇತ್ತು. ಬೇರೆಯವರು ಮಾಡಿದ ಊಟವನ್ನು ಬಿಸಿಬಿಸಿಯಾಗಿ, ಮಧ್ಯೆ ಎದ್ದು ಓಡದೆ ತಿನ್ನುವುದು ಐದು ಮಕ್ಕಳ ತಾಯಿಗೆ ದೊಡ್ಡ ವಿಷಯ.

ನಿಜವಾದ ತೊಡಕು ಮಕ್ಕಳದ್ದೇ. ಈ ಶಿಬಿರಕ್ಕೆ ಮಕ್ಕಳನ್ನು ಕರೆತರುವ ಹಾಗಿಲ್ಲ, ಅದು ಸರಿಯೂ ಹೌದು, ಮಕ್ಕಳಿದ್ದರೆ ಪತ್ರ ಬರೆದ ಹಾಗೆಯೇ. ಎದೆಹಾಲು ಕುಡಿಯುವ ಕೂಸಿದ್ದರೆ ಮೊದಲೇ ಕೇಳಿ ನೋಡಿ. ಆದರೆ ನೀವೇ ಯೋಚನೆ ಮಾಡಿ. ಈ ಶಿಬಿರ ಹೆಚ್ಚು ಬೇಕಾಗಿರುವುದು ಮಕ್ಕಳು ಜಾಸ್ತಿ ಇರುವ ಮನೆಗೆ, ಬರಲು ಆಗದೆ ಉಳಿಯುವುದೂ ಅದೇ ಮನೆ. ಒಂದು ಮಗುವನ್ನು ಅಜ್ಜಿ ನೋಡಿಕೊಳ್ಳುತ್ತಾರೆ. ಐವರನ್ನು ಎರಡು ರಾತ್ರಿ ಎಪ್ಪತ್ತು ದಾಟಿದ ಅತ್ತೆಯ ತಲೆಗೆ ಕಟ್ಟಿ ಹೋಗುವುದು ಹೇಗೆ? ನಮ್ಮ ಒಡಹುಟ್ಟಿದವರಲ್ಲಿ ಅರ್ಧ ಜನ ಗಲ್ಫಿನಲ್ಲಿ, ಉಳಿದವರು ಬೆಂಗಳೂರು, ಮುಂಬಯಿ. ದೊಡ್ಡ ಕುಟುಂಬ ಅಂತ ಹೆಸರಿಗೆ. ಕರೆದರೆ ಸಂಜೆಗೆ ಬರುವವರು ಯಾರೂ ಊರಲ್ಲಿ ಇಲ್ಲ.

ನಮಗೆ ದಾರಿ ಮಾಡಿಕೊಟ್ಟದ್ದು ನಮ್ಮ ವಾರ್ಡಿನ (ಚರ್ಚಿಗೆ ಸೇರಿದ ನಮ್ಮ ಕಡೆಯ ಮನೆಗಳ ಗುಂಪು) ಗುರಿಕಾರರ, ಅಂದರೆ ಮುಖಂಡರ ಹೆಂಡತಿ. ಅವರೇ ಮೂರು ಮನೆಗಳನ್ನು ಮಾತಾಡಿಸಿದರು. ಗಂಡು ಮಕ್ಕಳಿಬ್ಬರು ಒಂದು ಮನೆಗೆ, ನಡುವಿನ ಹುಡುಗಿಯರು ಇನ್ನೊಂದು ಮನೆಗೆ. ದೊಡ್ಡವಳು ಅತ್ತೆಯ ಜೊತೆ ಮನೆಯಲ್ಲೇ, ರಾತ್ರಿ ಮಲಗಲು ಪಕ್ಕದ ಮನೆಯ ಆಂಟಿ ಬಂದರು. ಮಕ್ಕಳು ಅತ್ತಿಲ್ಲ, ಕಾಯಿಲೆ ಬೀಳಲಿಲ್ಲ, ಸಣ್ಣವನು ವಾಪಸ್ ಬರಲೇ ಒಪ್ಪಲಿಲ್ಲ. ಇದನ್ನು ನೋಡಿದ ಮೇಲೆ ನನಗೆ ಅನ್ನಿಸಿದ್ದು ಗಟ್ಟಿಯಾಗಿ ಹೇಳುತ್ತೇನೆ. ನಮ್ಮಲ್ಲಿ ಒಂದು ಮದುವೆ ಅಂದರೆ ಇಡೀ ವಾರ್ಡು ಬರುತ್ತದೆ. ರೋಸಿನ ದಿನ, ಅಂದರೆ ಮದುವೆಯ ಮುನ್ನಾದಿನ ತೆಂಗಿನ ಹಾಲು ಹಚ್ಚುವ ಶಾಸ್ತ್ರಕ್ಕೆ, ತೆಂಗಿನಕಾಯಿ ತುರಿಯಲು, ಹಾಲು ಹಿಂಡಲು, ಈರುಳ್ಳಿ ಸುಲಿಯಲು, ಹಾಡು ಹೇಳಲು ಎಷ್ಟು ಕೈಗಳು! ಮರುದಿನ ಮದುವೆ ಮಂಟಪದಲ್ಲಿ ನೂರಾರು ಜನ, ಬ್ಯಾಂಡು, ಟೋಸ್ಟು. ಅದೇ ಜೋಡಿಗೆ ಹದಿನೈದು ವರ್ಷ ಆದ ಮೇಲೆ ನಾಲ್ಕು ಮಕ್ಕಳ ನಡುವೆ ಉಸಿರು ಕಟ್ಟುತ್ತಿರುವಾಗ ಎರಡು ರಾತ್ರಿ ಮಕ್ಕಳನ್ನು ನಮ್ಮಲ್ಲಿ ಬಿಟ್ಟು ಹೋಗಿ ಅನ್ನುವವರು ಎಷ್ಟು ಮಂದಿ? ಚರ್ಚಿನ ಪಾಲನಾ ಮಂಡಳಿಯವರು ಇದನ್ನು ಓದುತ್ತಿದ್ದರೆ ದಯವಿಟ್ಟು ಇದನ್ನು ಒಂದು ಕೆಲಸ ಅಂತ ತೆಗೆದುಕೊಳ್ಳಿ. ಹಣ ಬೇಡ, ಹಾಲ್ ಬೇಡ. ಯಾವ ಮನೆಯವರು ಎಷ್ಟು ಮಕ್ಕಳನ್ನು ನೋಡಿಕೊಳ್ಳಬಲ್ಲರು ಅನ್ನುವ ಒಂದು ಪಟ್ಟಿ ಸಾಕು.

ಬಂದ ಮೇಲೆ ಏನು ಉಳಿಯಿತು ಅಂತಲೂ ಕೇಳುತ್ತಾರೆ. ದಿನಕ್ಕೆ ಹತ್ತು ನಿಮಿಷ ಬರೆಯಿರಿ, ಹತ್ತು ನಿಮಿಷ ಮಾತಾಡಿ ಅಂತ ಅಲ್ಲಿ ಹೇಳಿಕೊಡುತ್ತಾರೆ. ನಮ್ಮಂಥ ಮನೆಯಲ್ಲಿ ದಿನಾ ಆಗುವುದಿಲ್ಲ, ಪರೀಕ್ಷೆಯ ಸಮಯದಲ್ಲಂತೂ ಇಲ್ಲವೇ ಇಲ್ಲ. ನಾವು ವಾರದಲ್ಲಿ ಸಾಧ್ಯವಾದ ದಿನ, ತೇರ್ಸ್ ಮುಗಿದ ಮೇಲೆ, ಅಡುಗೆಕೋಣೆಯ ಬಾಗಿಲು ಹಾಕಿ ಕೂರುತ್ತೇವೆ. ನನ್ನ ಗಂಡ ಕನ್ನಡ ಮಾಧ್ಯಮದಲ್ಲಿ ಓದಿದವರು, ಕನ್ನಡದಲ್ಲಿ ಬರೆಯುತ್ತಾರೆ. ನಾನು ಕೊಂಕಣಿ, ಕನ್ನಡ ಎರಡನ್ನೂ ಬೆರೆಸಿ ಬರೆಯುತ್ತೇನೆ. ಆ ಹೊತ್ತಿನಲ್ಲಿ ಬಾಗಿಲು ಬಡಿಯಬಾರದು ಅಂತ ಮಕ್ಕಳಿಗೆ ಗೊತ್ತು. ಎರಡನೆಯವನು ಒಂದು ದಿನ ತಮ್ಮನಿಗೆ ಹೇಳುತ್ತಿದ್ದ, "ಪಪ್ಪಾ ಮಮ್ಮಿ ಮಾತಾಡ್ತಾ ಇದ್ದಾರೆ, ಆಮೇಲೆ ಹೋಗು." ಈ ಮಾತು ಅವನ ಬಾಯಲ್ಲಿ ಬಂದದ್ದು ನನಗೆ ಬಹಳ ಇಷ್ಟವಾಯಿತು. ಮುಂದೆ ಅವನೂ ಒಬ್ಬಳ ಗಂಡ ಆಗುವವನೇ ಅಲ್ವಾ?

ದೊಡ್ಡ ಮಗಳ ವಿಷಯವೂ ಪತ್ರದಲ್ಲೇ ಹೊರಬಂತು. ಮಕ್ಕಳು ಜಾಸ್ತಿ ಇರುವ ಮನೆಗಳಲ್ಲಿ ದೊಡ್ಡ ಹುಡುಗಿ ಯಾರಿಗೂ ಗೊತ್ತಾಗದೆ ಎರಡನೇ ತಾಯಿ ಆಗಿಬಿಡುತ್ತಾಳೆ. ತಮ್ಮನಿಗೆ ಸ್ನಾನ, ತಂಗಿಗೆ ಜಡೆ, ಸಂಜೆ ಎಲ್ಲರಿಗೂ ಚಹಾ. "ನಮ್ಮ ಮಗಳು ನಮ್ಮ ಹತ್ತಿರ ಕೂತು ಮಾತಾಡುವುದೇ ಇಲ್ಲ, ಅವಳಿಗೆ ಸಮಯ ಎಲ್ಲಿದೆ" ಅಂತ ಅವಳ ಅಪ್ಪ ಬರೆದಿದ್ದರು. ಈಗ ಪಾತ್ರೆ ತೊಳೆಯುವುದು ಗಂಡು ಮಕ್ಕಳ ಪಾಲು, ಬಟ್ಟೆ ಮಡಚುವುದು ಎಲ್ಲರ ಪಾಲು. ತಿಂಗಳಿಗೊಮ್ಮೆ ಒಬ್ಬೊಬ್ಬ ಮಗುವನ್ನು ಒಂಟಿಯಾಗಿ ಹೊರಗೆ ಕರೆದುಕೊಂಡು ಹೋಗುತ್ತೇವೆ. ಐಸ್ ಕ್ರೀಮ್ ತಿನ್ನಲು, ಇಲ್ಲವೇ ಸುಮ್ನೆ ಪಣಂಬೂರು ಬೀಚಿಗೆ. ಐವರ ನಡುವೆ ಬಾಯಿ ಬಿಡದ ಮಗು ಒಬ್ಬನೇ ಬಂದಾಗ ಎಷ್ಟು ಮಾತಾಡುತ್ತಾನೆ ನೋಡಿ. ಪೋಪ್ ಫ್ರಾನ್ಸಿಸ್ ಕುಟುಂಬಗಳಿಗೆ ಪದೇ ಪದೇ ಹೇಳುತ್ತಿದ್ದ ಮೂರು ಮಾತು, ದಯವಿಟ್ಟು, ಥ್ಯಾಂಕ್ಸ್, ಕ್ಷಮಿಸು, ಅದನ್ನು ಮಕ್ಕಳಿಗೆ ಕಲಿಸುವ ಮುಂಚೆ ಗಂಡ ಹೆಂಡತಿ ಮಕ್ಕಳ ಎದುರಿಗೇ ಆಡಬೇಕು ಅಂತ ಶಿಬಿರದಲ್ಲಿ ಹೇಳಿದ್ದನ್ನು ಪಾಲಿಸುತ್ತಿದ್ದೇವೆ.

ಎಲ್ಲರಿಗೂ ಇದು ಸರಿಹೋಗುತ್ತದೆ ಅಂತ ಹೇಳುವುದಿಲ್ಲ. ಹೊಡೆತ ಬಡಿತ ಇರುವ ಮನೆಗೆ, ವಿಪರೀತ ಕುಡಿತ ಇರುವ ಮನೆಗೆ ಇದು ಮದ್ದಲ್ಲ. ಚೆನ್ನಾಗಿರುವ ಸಂಸಾರ ಇನ್ನೂ ಚೆನ್ನಾಗಲಿ ಅಂತ ಮಾಡುವ ಶಿಬಿರ ಇದು. ಅಕ್ಕಂದಿರೇ, ತಂಗಿಯರೇ, ಮನೆಯಲ್ಲಿ ಹಿಂಸೆ ಇದ್ದರೆ ಸಹಿಸಿಕೊಂಡು ಪತ್ರ ಬರೆಯುತ್ತಾ ಕೂರಬೇಡಿ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ, ತುರ್ತು ಇದ್ದರೆ 112. ಮದುವೆ ಪವಿತ್ರ ಸಂಸ್ಕಾರ ಅಂತ ನಂಬುವವಳು ನಾನು, ನಂಬಿಕೊಂಡೇ ಇದನ್ನು ಹೇಳುತ್ತಿದ್ದೇನೆ.

ನಡೆಸುವವರಲ್ಲಿ ನನ್ನ ಬೇಡಿಕೆ ಎರಡು. ನಮ್ಮ ಬ್ಯಾಚು ಕೊಂಕಣಿ, ಇಂಗ್ಲಿಷಿನಲ್ಲಿ ನಡೆಯಿತು. ಉಡುಪಿ ಕಡೆಯವರಿಗೆ, ಬಾಸೆಲ್ ಮಿಷನ್ ಕಾಲದಿಂದ ಕನ್ನಡ, ತುಳುವಿನಲ್ಲೇ ಪ್ರಾರ್ಥನೆ ಮಾಡುವ ಸಿಎಸ್‌ಐ ಮನೆಗಳಿಗೆ ಪೂರ್ತಿ ಕನ್ನಡದ ಬ್ಯಾಚ್ ಇದ್ದರೆ ಎಷ್ಟು ಅನುಕೂಲ. ಎರಡನೆಯದು, ದಿನಾಂಕ ಇಡುವಾಗ ಗಲ್ಫಿನಿಂದ ರಜೆಗೆ ಬರುವವರನ್ನು ನೆನಪಿಡಿ. ವರ್ಷದಲ್ಲಿ ಒಂದೇ ತಿಂಗಳು ಒಟ್ಟಿಗೆ ಇರುವ ಜೋಡಿಗಳು ನಮ್ಮಲ್ಲಿ ಎಷ್ಟೊಂದು ಇವೆ. ಡಿಸೆಂಬರಿನಲ್ಲಿ ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು) ಮಾಡುವ ಗಡಿಬಿಡಿ, ಜನವರಿ ಪೂರ್ತಿ ಮದುವೆಗಳು, ಮಾತೆ ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಫೆಸ್ತಿನ ಒಂಬತ್ತು ದಿನ ಮಕ್ಕಳಿಗೆ ಹೂ ಹುಡುಕುವ ಓಟ. ಇವೆಲ್ಲ ಬಿಟ್ಟು ಜುಲೈ, ಆಗಸ್ಟಿನ ಮಳೆಗಾಲದಲ್ಲಿ ಒಂದು ಬ್ಯಾಚ್ ಇಟ್ಟರೆ ಜನ ಬರುತ್ತಾರೆ.

ಮುಂದಿನ ಬ್ಯಾಚಿಗೆ ನಮ್ಮ ವಾರ್ಡಿನಿಂದ ಒಂದು ಜೋಡಿ ಹೆಸರು ಕೊಟ್ಟಿದೆ, ಅವರ ಮಕ್ಕಳು ನಮ್ಮಲ್ಲಿಗೆ ಬರುತ್ತಾರೆ. ಕುಲಶೇಖರ, ಬಿಕರ್ನಕಟ್ಟೆ ಕಡೆಯವರು ಬೇರೆ ಯಾರಾದರೂ ಹೋಗುವುದಿದ್ದರೆ ಗುರಿಕಾರರ ಹತ್ತಿರ ಹೇಳಿ ಕಳಿಸಿ, ಇನ್ನೂ ಇಬ್ಬರು ಮಕ್ಕಳಿಗೆ ನಮ್ಮಲ್ಲಿ ಜಾಗ ಇದೆ. ಬೆಡ್‌ಶೀಟ್ ಒಂದು ಕಳಿಸಿದರೆ ಸಾಕು. ಔಷಧಿ ಇದ್ದರೆ ಹೊತ್ತು ಬರೆದ ಚೀಟಿ ಜೊತೆಗಿರಲಿ. ನಮ್ಮಲ್ಲಿ ನಾಯಿ ಇದೆ, ಹೆದರುವ ಮಗುವಾದರೆ ಮೊದಲೇ ತಿಳಿಸಿ, ಆ ಎರಡು ದಿನ ಹಿತ್ತಲಲ್ಲಿ ಕಟ್ಟಿ ಹಾಕುತ್ತೇವೆ.